ಯೊ ಬರುವ ತನಕ

“ಇವತ್ತಿನ ಅಕ್ಷರ ‘ನು’. ಅದು ಬಿಟ್ಟು ಬೇರೆ ಮಾತಿಲ್ಲ,” ಎಂದು ಶಿಗೆನೊ ಟೀಚರಮ್ಮ ನಲ್ಲಿ ನಿಲ್ಲಿಸಿದರು. “ಹೋದ ವಾರ ‘ನಿ’ ಆಯ್ತು, ಮುಂದಿನ ವಾರ ‘ನೆ’ ಬರುತ್ತೆ. ನಡುವೆ ಏಕಾಏಕಿ ‘ಯೊ’ಗೆ ಹಾರೋದು ಅಂದ್ರೆ ಏನಮ್ಮ ಚಿಜುರು? ನಾಳೆ ತೊಮೆಜೊ ಬಂದು ನನಗೆ ‘ಕ’ ಬೇಕು ಅಂತಾನೆ. ಆಮೇಲೆ ಇದು ಕೂಟ ಅನ್ನಿಸಿಕೊಳ್ಳಲ್ಲ, ಸಂತೆ ಆಗುತ್ತೆ.”

ಚಿಜುರು ಒದ್ದೆ ಕರವಸ್ತ್ರವನ್ನು ಹಿಂಡುತ್ತ ನಿಂತಳು. ಕೈತೊಳೆಯುವ ಆ ಮೂಲೆಯಲ್ಲಿ ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗುತ್ತಿತ್ತು. ಪರದೆಯ ಆಚೆ ತೊಮೆಜೊ ಕರೋಕೆ ಹಾಡಿನ ಯಂತ್ರದ ಫಲಕವನ್ನು ಮೂಗಿನ ಹತ್ತಿರ ಹಿಡಿದುಕೊಂಡು ‘ನು’ವಿನಿಂದ ಶುರುವಾಗುವ ಹಾಡು ಹುಡುಕುತ್ತ ಗೊಣಗುವುದು ಕೇಳಿಸುತ್ತಿತ್ತು. ಅವಳ ಗಂಡ ಯಸುಜಿ ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸುತ್ತಿರಬೇಕು. ಅವನ ಕಿವಿಗೆ ಬೀಳುವ ಮುಂಚೆ ಮಾತು ಮುಗಿಸಬೇಕಾಗಿತ್ತು.

“ಒಂದೇ ಒಂದು ಸಲ, ಟೀಚರಮ್ಮ. ಅವರದ್ದೊಂದು ಹಾಡು ಮುಗಿಸಿ ಮತ್ತೆ ‘ನು’ಗೆ ಬಂದ್ಬಿಡೋಣ.”

“ಯಸುಜಿಯವರು ಕೇಳಿದ್ರಾ?”

“ಇಲ್ಲ.”

“ಮತ್ತೆ? ಹಾಡೋರಿಗೇ ಬೇಡದ್ದು ನಿನಗ್ಯಾಕೆ? ‘ಯೊ’ ಎಲ್ಲಿಗೂ ಓಡಿಹೋಗಲ್ಲ. ಚಳಿ ಕಳೆದು ಚೆರಿ ಹೂ ಬಿಡೋ ಹೊತ್ತಿಗೆ ತಾನಾಗೇ ಬರುತ್ತೆ.”

“ಆಗ ಅವರಿಗೆ ದನಿ ಇರಲ್ಲ,” ಎಂದಳು ಚಿಜುರು.

ಯಾರಿಗೂ ಹೇಳುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದಳು. ಈಗ ಬಾಯಿಂದ ಬಿದ್ದುಹೋಯಿತು. ಬಿದ್ದ ಮೇಲೆ ಅರ್ಧಕ್ಕೆ ನಿಲ್ಲಿಸಿ ಪ್ರಯೋಜನವಿಲ್ಲವೆಂದು ಎಲ್ಲವನ್ನೂ ಹೇಳಿದಳು. ಯಸುಜಿಯ ಗಂಟಲಿನಲ್ಲಿ ಗಡ್ಡೆ. ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಬೇಗ ಗೊತ್ತಾಗಿದೆ, ಜೀವಕ್ಕೆ ಭಯಪಡಬೇಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ದನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಲೇಬೇಕು.

ಟೀಚರಮ್ಮ ನಿಲ್ಲಿಸಿದ್ದ ನಲ್ಲಿಯನ್ನು ಇನ್ನೊಮ್ಮೆ ಬಿಗಿಯಾಗಿ ತಿರುಗಿಸಿದರು. ಪರದೆ ಸರಿಸಿಕೊಂಡು ಹೊರಗೆ ಹೋದರು.

ಯಾಯಿಜು ಬಂದರಿನ ಹಿಂದಿನ ಓಣಿಯಲ್ಲಿರುವ ರುರಿಕೊಳ ಅಂಗಡಿ ಸಂಜೆಯಾದರೆ ಕುಡಿಯುವವರದ್ದು. ಮಧ್ಯಾಹ್ನ ಮಾತ್ರ ಹಾಡುವ ಮುದುಕರದ್ದು. ಪ್ರತಿ ಗುರುವಾರ ಊಟ ಮುಗಿಸಿಕೊಂಡು ಈ ನಾಲ್ವರು ಬಂದು ಕೂರುತ್ತಿದ್ದರು. ಮೊದಮೊದಲು ಯಾರಿಗೆ ಯಾವುದು ಬೇಕೋ ಅದನ್ನು ಹಾಡುವ ಸ್ವಾತಂತ್ರ್ಯವಿತ್ತು. ಮುದುಕರಿಗೆ ಸ್ವಾತಂತ್ರ್ಯ ಕೊಟ್ಟರೆ ಏನಾಗುತ್ತದೆ? ಪ್ರತಿ ವಾರ ಅದೇ ಹಾಡು, ಅದೇ ಜಾಗದಲ್ಲಿ ಅದೇ ಅಪಸ್ವರ. ಜೀವಮಾನವೆಲ್ಲ ಒಂದನೆಯ ತರಗತಿಗೆ ಪಾಠ ಹೇಳಿದ್ದ ಟೀಚರಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ವರ್ಣಮಾಲೆ ಹಿಡಿದು ಹೋಗೋಣ ಎಂದು ಆಜ್ಞೆ ಮಾಡಿದರು. ಅ ಇ ಉ ಎ ಒ, ಕ ಕಿ ಕು ಕೆ ಕೊ, ಹೀಗೆ ನಲವತ್ತಕ್ಕೂ ಹೆಚ್ಚು. ವಾರಕ್ಕೊಂದು ಅಕ್ಷರ. ಆ ವಾರ ಎಲ್ಲರೂ ಆ ಅಕ್ಷರದಿಂದ ಶುರುವಾಗುವ ಹಾಡನ್ನೇ ಆರಿಸಿಕೊಂಡು ಹಾಡಬೇಕು. ಹಾಡು ಸಿಗದವರು ಚಹಾ ಬಗ್ಗಿಸಬೇಕು. ಮೊದಲು ಮೂಗು ಮುರಿದವರೇ ಆಮೇಲೆ ವಾರವಿಡೀ ಮನೆಯಲ್ಲಿ ಹಾಡು ಹುಡುಕಿ ಕಲಿತು ಬರುವುದಕ್ಕೆ ಶುರುಮಾಡಿದರು. ವರ್ಷಗಟ್ಟಲೆ ಬಾಯಿಗೆ ಬಾರದೆ ಬಿದ್ದಿದ್ದ ಎಷ್ಟೋ ಹಾಡುಗಳು ಹೀಗೆ ಹೊರಗೆ ಬಂದವು.

ಯಸುಜಿಗೆ ಬರುತ್ತಿದ್ದದ್ದು ಒಂದೇ ಹಾಡು. ಅದು ‘ಯೊ’ ಅಕ್ಷರದ್ದು. ಹಾಗಾಗಿ ಅವನು ವರ್ಷಕ್ಕೊಮ್ಮೆ ಹಾಡುತ್ತಿದ್ದ, ಉಳಿದ ವಾರವೆಲ್ಲ ಚಹಾ ಬಗ್ಗಿಸುತ್ತಿದ್ದ. ಇನ್ನೊಂದು ಹಾಡು ಕಲಿತರೆ ಗಂಟೇನು ಹೋಗುತ್ತೆ ಎಂದು ತೊಮೆಜೊ ರೇಗಿಸಿದರೆ, ಒಂದೇ ಹೆಂಡತಿ ಸಾಕಾದವನಿಗೆ ಒಂದೇ ಹಾಡೂ ಸಾಕು ಅನ್ನುತ್ತಿದ್ದ. ಆ ಹಾಡನ್ನು ಆ ಅಂಗಡಿಯಲ್ಲಿ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಒಬ್ಬರ ಸ್ವಂತ ಹಾಡನ್ನು ಅವರ ಎದುರಿಗೆ ಇನ್ನೊಬ್ಬರು ಹಾಡುವುದು ಅಂದರೆ, ಕರೆಯದೆ ಅವರ ಮನೆಗೆ ನುಗ್ಗಿ ಅವರ ಬಟ್ಟಲಲ್ಲಿ ಉಂಡು ಬಂದಂತೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡಬೇಕಾಗಿಲ್ಲ.

ಚಿಜುರು ಆ ಹಾಡು ಮೊದಲು ಕೇಳಿದ್ದು ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ. ಯಸುಜಿ ದೂರದ ಕಡಲಿಗೆ ಹೋಗುವ ಟ್ಯೂನಾ ಮೀನಿನ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಹೋದರೆ ವರ್ಷ ಕಳೆದು ಬರುವುದು. ಬಂದಾಗ ಬಾಗಿಲಲ್ಲಿ ನಿಂತ ಗಂಡಸು ಅವಳಿಗೆ ಅಪರಿಚಿತನಂತೆ ಕಾಣುತ್ತಿದ್ದ. ಏನು ಮಾತಾಡುವುದೆಂದು ಇಬ್ಬರಿಗೂ ತೋಚುತ್ತಿರಲಿಲ್ಲ. ಅವನು ಸೀದಾ ಸ್ನಾನದ ಮನೆಗೆ ಹೋಗಿ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆ ತನಕ ಮುಳುಗಿ ಆ ಹಾಡು ಎತ್ತುತ್ತಿದ್ದ. ಅವಳು ಒಗೆದ ಬಟ್ಟೆ ಹಿಡಿದು ಬಾಗಿಲ ಹೊರಗೆ ನಿಂತು ಕೊನೆಯ ಚರಣದ ತನಕ ಕೇಳಿ, ಸರಿ, ಇವರೇ ಬಂದಿದ್ದಾರೆ ಎಂದುಕೊಂಡು ಅನ್ನಕ್ಕಿಡಲು ಹೋಗುತ್ತಿದ್ದಳು.

ಡಾಕ್ಟರು ವಿಷಯ ಹೇಳಿದ ದಿನದಿಂದ ಅವಳು ಒಂದೇ ಸಮನೆ ಕೇಳುತ್ತಿದ್ದಳು. ಒಂದ್ಸಲ ಹಾಡಿಬಿಡ್ರೀ, ಸೋಮವಾರಕ್ಕೆ ಮುಂಚೆ. ಅವನದು ಒಂದೇ ಉತ್ತರ: ಸರದಿ ಬಂದಾಗ ನೋಡೋಣ. ಸರದಿ ಬರುವ ಹೊತ್ತಿಗೆ ದನಿ ಇರುವುದಿಲ್ಲವಲ್ಲ ಅಂದರೆ ಎದ್ದು ಹೋಗಿ ಬೀದಿ ಗುಡಿಸುತ್ತಿದ್ದ. ಎಂಥ ಹಠದ ಮನುಷ್ಯನಪ್ಪಾ ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಚಿಜುರು ಮುಖ ಒರೆಸಿಕೊಂಡು ಪರದೆಯ ಹೊರಗೆ ಬಂದಾಗ ಟೀಚರಮ್ಮ ಮೈಕು ಹಿಡಿದು ನಿಂತಿದ್ದರು. ಹಾಡುವುದಕ್ಕಲ್ಲ, ಭಾಷಣಕ್ಕೆ.

“ಇವತ್ತಿಂದ ಒಂದು ಬದಲಾವಣೆ. ವಾರಕ್ಕೊಂದು ಅಕ್ಷರ ಅಂತ ಕೂತ್ರೆ ಕೊನೆ ಮುಟ್ಟೋದ್ರೊಳಗೆ ನಮ್ಮಲ್ಲಿ ಇಬ್ಬರಾದ್ರೂ ಸ್ಮಶಾನ ಸೇರಿರ್ತೀವಿ. ಇವತ್ತು ಜೋರಾಗಿ ಹೋಗೋಣ. ಒಬ್ಬರು ಒಂದು ಚರಣ ಹಾಡೋದು, ನಿಲ್ಲಿಸೋದು, ಮುಂದಿನ ಅಕ್ಷರ. ಕ್ರಮ ತಪ್ಪೋ ಹಾಗಿಲ್ಲ.”

“ಎಲ್ಲಿಗೆ ಟೀಚರಮ್ಮ ಅಷ್ಟು ಅರ್ಜೆಂಟು?” ಎಂದ ತೊಮೆಜೊ. ಅವನು ಬೊನಿಟೊ ಮೀನು ಹೊಗೆಗೆ ಕಟ್ಟಿ ಒಣಗಿಸುವ ಕಾರ್ಖಾನೆಯನ್ನು ಮಗನಿಗೆ ಬಿಟ್ಟುಕೊಟ್ಟು ಮಾತಾಡುವುದನ್ನೇ ಕಸುಬು ಮಾಡಿಕೊಂಡಿದ್ದವನು. “ಬಸ್ಸು ಹೋಗಿಬಿಡುತ್ತಾ?”

“ಕೈಲಾದಷ್ಟು ದೂರ. ‘ಯೊ’ ತನಕ ಹೋದ್ರೆ ಸಾಕು.”

ಯಸುಜಿ ಬಗ್ಗಿಸುತ್ತಿದ್ದ ಚಹಾ ಬಟ್ಟಲು ತುಂಬಿ ಮೇಜಿನ ಮೇಲೆ ಹರಿಯಿತು. ಅವನು ಹೆಂಡತಿಯ ಕಡೆ ನೋಡಿದ. ಅವಳು ತಟ್ಟೆಯಲ್ಲಿದ್ದ ಕರಿದ ಮೀನಿನ ವಡೆಗಳನ್ನು ನೋಡುತ್ತ ಕುಳಿತಳು. ಅವನು ಬಟ್ಟೆ ತಂದು ಮೇಜು ಒರೆಸಿದ.

‘ನು’ ತೊಮೆಜೊನ ಪಾಲಿಗೆ ಬಂತು. ಅವನಿಗೆ ಸಿಕ್ಕಿದ್ದು ಒಂದೇ, ಹರೆಯದ ಹುಡುಗಿಯರ ತಂಡವೊಂದು ಹತ್ತಿಯ ಬೊಂಬೆಯನ್ನು ತಬ್ಬಿಕೊಂಡು ಹಾಡುವಂಥದ್ದು. ಬೋಳುತಲೆಯ ಆಸಾಮಿ ಅದನ್ನು ಸೊಂಟದ ಮೇಲೆ ಕೈಯಿಟ್ಟು ಒಂದು ಚರಣ ಹಾಡಿದ. ಹಾಡು ಇನ್ನೂ ಸಾಗುತ್ತಿದ್ದಂತೆ ಟೀಚರಮ್ಮ ರುರಿಕೊಳಿಗೆ ನಿಲ್ಲಿಸುವ ಗುಂಡಿ ಒತ್ತಲು ಸನ್ನೆ ಮಾಡಿದರು.

“ಹಾಡೋರು ನಿಂತಿರುವಾಗ ಅರ್ಧಕ್ಕೆ ನಿಲ್ಲಿಸೋದಾ?” ರುರಿಕೊ ಕೈ ಹಿಂದೆ ಕಟ್ಟಿಕೊಂಡಳು. “ಅಂಥ ಮರ್ಯಾದೆಗೆಟ್ಟ ಕೆಲಸ ಈ ಅಂಗಡೀಲಿ ಆಗಿಲ್ಲ. ಅಂಗಡಿ ಕಟ್ಟಿದ ನಮ್ಮಮ್ಮ ಕನಸಲ್ಲಿ ಬಂದು ಬೈತಾಳೆ.”

“ಬೈಸಿಕೊಳ್ಳೋದು ನಾನು. ಒತ್ತಮ್ಮ.”

ರುರಿಕೊ ಒತ್ತಿದಳು. ತೊಮೆಜೊ ಬಾಯಿ ತೆರೆದುಕೊಂಡೇ ನಿಂತಿದ್ದ. ‘ನೆ’ ಟೀಚರಮ್ಮ ಹಾಡಿದರು, ‘ನೊ’ ಚಿಜುರು. ‘ಹ’ ಸುಲಭ; ‘ಹರು’ ಅಂದರೆ ವಸಂತ, ವಸಂತದ ಹಾಡುಗಳೆಲ್ಲ ಅಲ್ಲೇ ಬಿದ್ದಿರುತ್ತವೆ. ‘ಹಿ’, ‘ಫು’ ಕೂಡ ದಾಟಿದರು. ‘ಹೆ’ ಹತ್ತಿರ ಗಾಡಿ ನಿಂತಿತು. ತೊಮೆಜೊ ಒಂದು ಹಾಡು ಹೆಸರಿಸಿದ. ಅದು ಜಾಹೀರಾತಿನದು, ಹಾಡಲ್ಲ ಎಂದು ಟೀಚರಮ್ಮ ತಳ್ಳಿಹಾಕಿದರು. ಯಾಕಲ್ಲ, ಅದಕ್ಕೆ ರಾಗ ಇಲ್ವಾ, ಪದ ಇಲ್ವಾ ಎಂದು ಅವನು ವಾದಕ್ಕೆ ನಿಂತ. ಆ ಗಲಾಟೆಯ ನಡುವೆ ಯಸುಜಿ ಗೂಟದ ಮೇಲಿದ್ದ ಕೋಟು ತೆಗೆದುಕೊಂಡು ಬಾಗಿಲು ಸರಿಸಿ ಹೊರಗೆ ಹೋದ.

ಚಿಜುರು ಹಿಂದೆಯೇ ಹೋದಳು. ಓಣಿಯಲ್ಲಿ ಬಂದರಿನ ಗಾಳಿ ಬೀಸುತ್ತಿತ್ತು, ಅದರ ತುಂಬ ಮೀನು ಒಣಗಿಸುವ ಹೊಗೆಯ ವಾಸನೆ. ಯಸುಜಿ ಖಾಲಿ ಬಿಯರ್ ಪೆಟ್ಟಿಗೆಗಳ ಪಕ್ಕದಲ್ಲಿ ನಿಂತಿದ್ದ.

“ಹೇಳ್ಬಿಟ್ಯಾ.” ಅವನ ದನಿ ಆಗಲೇ ಅರ್ಧ ಒಡೆದಿತ್ತು.

“ಹೇಳ್ಬಿಟ್ಟೆ.”

“ಬಾಯಿ ಹಿಡ್ಕೊಳ್ಳೋಕೆ ಆಗ್ಲಿಲ್ಲ ಅಲ್ವಾ ನಿನಗೆ?”

“ನೀವು ಹಡಗಲ್ಲಿದ್ದಷ್ಟು ವರ್ಷ ಬಾಯಿ ಹಿಡ್ಕೊಂಡೇ ಇದ್ದೆ. ಇವತ್ತು ಆಗ್ಲಿಲ್ಲ. ಬೈಯೋದಿದ್ರೆ ಬೈರಿ. ಬೈಯೋಕಾದ್ರೂ ದನಿ ಇದೆ ಈಗ.”

ಅವನು ಬೈಯಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡ, ಬಿಚ್ಚಿದ.

“ಚಿಜುರು, ಹಡಗಿಗೆ ಹೋಗ್ತಿದ್ದಾಗ ನಾನು ಆ ಹಾಡು ಯಾವಾಗ ಹಾಡ್ತಿದ್ದೆ?”

“ಬಂದ ದಿನ. ಸ್ನಾನದ ಮನೇಲಿ. ನನಗೆ ಗೊತ್ತಿಲ್ವಾ?”

“ಹೋಗೋ ದಿನ ಹಾಡಿದ್ದು ಕೇಳಿದ್ಯಾ? ಯಾವತ್ತಾದ್ರೂ?”

ಅವಳು ಯೋಚಿಸಿದಳು. ಹೊರಡುವ ದಿನಗಳೆಲ್ಲ ನೆನಪಾದವು. ಬಂದರಿನ ಕಟ್ಟೆ, ಬೀಳ್ಕೊಡುವವರು ಹಿಡಿದ ಬಣ್ಣದ ಕಾಗದದ ಪಟ್ಟಿಗಳು, ಮೂಗು ಸೋರುವ ಮಗು, ಹಡಗಿನ ಅಂಚಿನಲ್ಲಿ ತುಟಿ ಬಿಗಿದು ನಿಂತ ಗಂಡ. ಹಾಡು ಎಲ್ಲೂ ಇರಲಿಲ್ಲ.

“ನಮ್ಮ ಹಡಗಲ್ಲಿ ಒಬ್ಬ ಇದ್ದ,” ಎಂದ ಯಸುಜಿ. “ಬಲೆ ಎಳೆಯೋನು. ಅವನಿಗೂ ಒಂದು ಹಾಡಿತ್ತು. ಒಂದ್ಸಲ ಹೊರಡೋ ಹಿಂದಿನ ದಿನ ಕುಡಿದು ಪೂರ್ತಿ ಹಾಡಿದ. ಹಾಗೆಲ್ಲ ಹಾಡಬಾರದು ಕಣೋ, ವಾಪಸ್ ಬಂದಾಗ ಏನು ಉಳಿಯುತ್ತೆ ಅಂತ ದೊಡ್ಡೋರು ಬೈದ್ರು. ಅವನು ನಕ್ಕ. ಆ ಸಲ ಅವನು ಬರ್ಲಿಲ್ಲ. ಅಲೆ ಎಳ್ಕೊಂಡು ಹೋಯ್ತು.” ಅವನು ಉಗುಳು ನುಂಗಿದ, ನುಂಗುವಾಗ ಮುಖ ಕಿವುಚಿದ. “ಸೋಮವಾರ ಅಲ್ಲಿ ಮಲಗಿಸಿ ಮೂಗಿಗೆ ಏನೋ ಹಿಡಿದು ನಿದ್ದೆ ಬರಿಸ್ತಾರಂತೆ. ಅದೂ ಹೋಗೋದೇ ಅಲ್ವಾ?”

ಇಷ್ಟು ದಿನ ಅವಳು ಹಠ ಅಂದುಕೊಂಡಿದ್ದು ಹೆದರಿಕೆಯಾಗಿತ್ತು. ಜೊತೆಯಲ್ಲಿ ಬಾಳಿದವಳಿಗೆ ಅಷ್ಟೂ ತಿಳಿಯಲಿಲ್ಲವಲ್ಲ ಎಂದು ಚಿಜುರು ತನ್ನನ್ನೇ ಹಳಿದುಕೊಂಡಳು. ಅದರ ಬೆನ್ನಿಗೇ ಸಿಟ್ಟೂ ಬಂತು.

“ಆದ್ರೆ ಈ ಸಲ ಬಂದ ಮೇಲೆ ಹಾಡೋಕಾಗಲ್ಲ ಅಲ್ವೇನ್ರೀ?”

ಅವನು ಖಾಲಿ ಪೆಟ್ಟಿಗೆಯೊಂದನ್ನು ಕಾಲಿನಿಂದ ಸರಿಸಿದ.

“ನಾನು ಬಾಗಿಲ ಹೊರಗೆ ನಿಂತು ಏನು ಕೇಳಿಸ್ಕೊಳ್ಲಿ? ನೀವೇ ಬಂದಿದ್ದೀರಿ ಅಂತ ನನಗೆ ಹ್ಯಾಗೆ ಗೊತ್ತಾಗಬೇಕು?”

ಯಸುಜಿ ಮುಖ ಬಂದರಿನ ಕಡೆ ತಿರುಗಿಸಿದ. ಅವನ ಕಿವಿ ಚಳಿಗೆ ಕೆಂಪಾಗಿತ್ತು. ಅವಳಿಗೆ ಅಳು ಬಂತು.

ಅಂಗಡಿಯ ಬಾಗಿಲು ಸರಿಯಿತು. ರುರಿಕೊ ತಲೆ ಹೊರಗೆ ಹಾಕಿದಳು.

“ಯಸುಜಿಯವರೇ, ಸ್ವಲ್ಪ ಒಳಗೆ ಬರ್ತೀರಾ? ‘ಹೆ’ ಹ್ಯಾಗೋ ಮುಗೀತು, ‘ಹೊ’ ಸಹ ಆಯ್ತು. ಆದ್ರೆ ಆ ಇಬ್ಬರೂ ಕೂಗಾಡಿ ಕೂಗಾಡಿ ಗಂಟಲು ಒಣಗಿಸ್ಕೊಂಡಿದಾರೆ. ಚಹಾ ಬಗ್ಗಿಸೋರಿಲ್ಲ.”

ಯಸುಜಿ ಹೆಂಡತಿಗೆ ತನ್ನ ಕರವಸ್ತ್ರ ಕೊಟ್ಟು ಒಳಗೆ ಹೋದ. ಚಹಾಕ್ಕಾಗಿಯೇ ಹೋದನೋ ಏನೋ, ಹೋದದ್ದಂತೂ ಹೌದು.

ಅಷ್ಟರಲ್ಲಿ ಟೀಚರಮ್ಮನಿಂದ ಉಳಿದವರಿಗೂ ವಿಷಯ ತಿಳಿದಿತ್ತು, ಆದರೂ ಒಳಗೆ ಯಾರೂ ಅವನನ್ನು ಕನಿಕರದಿಂದ ನೋಡಲಿಲ್ಲ. ನೋಡಲು ಪುರಸೊತ್ತೇ ಇರಲಿಲ್ಲ. ಟೀಚರಮ್ಮ ಕೋಟು ಕಳಚಿ ತೋಳು ಮಡಚಿಕೊಂಡಿದ್ದರು. ‘ಮ’ದಲ್ಲಿ ಹಬ್ಬದ ಹಾಡೊಂದು ಬಂತು. ‘ಮಿ’ಯಲ್ಲಿ ಚಿಜುರು, ಮೂಗು ಕಟ್ಟಿದ ದನಿಯಲ್ಲೇ, ಬಂದರಿನ ಹಾಡೊಂದನ್ನು ಹೇಗೋ ದಾಟಿಸಿದಳು. ‘ಮು’ ಬಂದಾಗ ತೊಮೆಜೊ ತಲೆ ಕೆರೆದುಕೊಂಡ. ರುರಿಕೊಳೇ ಬಟ್ಟಲು ತೊಳೆಯುತ್ತಿದ್ದಲ್ಲಿಂದ ಎತ್ತರಿಸಿ ಒಂದು ಚರಣ ಹಾಡಿ ಸಾಗಹಾಕಿದಳು. ಅಂಗಡಿಯ ಯಜಮಾನಿ ಹಾಡಿದ್ದು ಲೆಕ್ಕಕ್ಕೆ ಬರುತ್ತೋ ಇಲ್ಲವೋ ಎಂದು ತೊಮೆಜೊ ತಕರಾರು ತೆಗೆದ. ಟೀಚರಮ್ಮ, ಕ್ರಮವನ್ನು ದೇವರಂತೆ ಪೂಜಿಸುತ್ತಿದ್ದ ಅದೇ ಟೀಚರಮ್ಮ, “ಬಾಯಿ ಮುಚ್ಚು, ಬರುತ್ತೆ,” ಎಂದರು.

ಹೊರಗೆ ಬೆಳಕು ಇಳಿಯುತ್ತ ಬಂತು. ‘ಮೆ’ಗೆ ಟೀಚರಮ್ಮ ಶಾಲೆಯ ಮಕ್ಕಳಿಗೆ ಕಲಿಸುತ್ತಿದ್ದ ಹಾಡನ್ನು ಕೈ ಆಡಿಸುತ್ತ ಹಾಡಿದರು. ‘ಮೊ’ ಹಾಡುವಾಗ ತೊಮೆಜೊನ ದನಿ ಪೂರ್ತಿ ಕೂತುಹೋಗಿ ಬರೀ ಗಾಳಿ ಬಂತು. ಅವನು ಯಸುಜಿಯ ಕಡೆ ನೋಡಿ, “ನೋಡಪ್ಪ, ನಿನಗಿಂತ ಮುಂಚೆ ನಂದೇ ಹೋಯ್ತು,” ಎಂದ. ಯಸುಜಿ ಅವನ ಬಟ್ಟಲಿಗೆ ಚಹಾ ಬಗ್ಗಿಸಿ, “ನಿಂದು ಹೋದ್ರೆ ಊರಿಗೆ ಒಳ್ಳೇದು,” ಎಂದ. ತೊಮೆಜೊ ಮೇಜು ಬಡಿದು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ಮುಂದಿನ ಸಾಲಿನಲ್ಲಿ ಯ, ಯು, ಯೊ ಮೂರೇ ಅಕ್ಷರ. ‘ಯ’ ನಡೆಯುತ್ತಿರುವಾಗ ಬಾಗಿಲಲ್ಲಿ ಸಂಜೆಯ ಗಿರಾಕಿಗಳು ಇಬ್ಬರು ನಿಂತರು. ಮೀನು ಹರಾಜಿನ ಕಟ್ಟೆಯಿಂದ ರಬ್ಬರ್ ಬೂಟಿನಲ್ಲೇ ಬಂದವರು. ರುರಿಕೊ ಓಡಿಹೋಗಿ ಬಾಗಿ ನಮಸ್ಕಾರ ಮಾಡಿ, “ಇನ್ನೊಂದು ಸುತ್ತು ಹಾಕಿ ಬನ್ನಿ, ಇನ್ನೂ ‘ಯು’ ಬಾಕಿ ಇದೆ,” ಎಂದಳು. ಅವರಿಗೆ ಏನರ್ಥವಾಯಿತೋ, ಬಾಗಿಲು ಮುಚ್ಚಿಕೊಂಡು ಹೋದರು.

‘ಯು’ ಚಿಜುರುವಿನ ಪಾಲಿಗೆ ಬಂತು. ಸಂಜೆಗೆಂಪಿನ ಬಗ್ಗೆ ನಿಧಾನವಾಗಿ ಹಾಡಬೇಕಾದ ಹಾಡು. ಅವಳು ಅರ್ಧ ಪದ ನುಂಗಿ, ಬಸ್ಸು ತಪ್ಪೀತು ಎನ್ನುವವಳ ಹಾಗೆ ಓಡಿಸಿದಳು. ಯಸುಜಿಯೊಬ್ಬನೇ ಚಪ್ಪಾಳೆ ತಟ್ಟಿದ.

ಆಮೇಲೆ ‘ಯೊ’. ಯಾವ ಹಾಡು ಎಂದು ರುರಿಕೊ ಕೇಳಲಿಲ್ಲ; ಗುಂಡಿ ಒತ್ತಿದಳು. ತೆರೆಯ ಮೇಲೆ ಕತ್ತಲ ಸಮುದ್ರ ಬಂತು, ತುತ್ತೂರಿಯ ಮೊದಲ ಎಳೆ ಬಂತು, ಪದಗಳು ಬಂದು ಒಂದೊಂದಾಗಿ ಬಣ್ಣ ತುಂಬಿಕೊಂಡವು. ಯಸುಜಿ ಚಹಾ ಪಾತ್ರೆ ಹಿಡಿದುಕೊಂಡು ಕುಳಿತೇ ಇದ್ದ. ಮೊದಲ ಸಾಲು ಹಾಡುವವರಿಲ್ಲದೆ ಕಳೆದುಹೋಯಿತು, ಎರಡನೆಯದೂ ಹೋಯಿತು. ರುರಿಕೊ ಸದ್ದಿಲ್ಲದೆ ಹಾಡನ್ನು ಮತ್ತೆ ಮೊದಲಿಗೆ ತಂದಳು. ಚಿಜುರು ಅವನನ್ನು ಬೇಡಲಿಲ್ಲ. ಓಣಿಯಲ್ಲಿ ಅವನ ಮಾತು ಕೇಳಿದ ಮೇಲೆ ಬೇಡುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ಅವಳು ತುತ್ತೂರಿಯನ್ನು ಮಾತ್ರ ಕೇಳುತ್ತ, ಇಷ್ಟೇ ಸಾಕು, ಇಷ್ಟೇ ಇರಲಿ ಎಂದು ಮನಸ್ಸನ್ನು ಒಪ್ಪಿಸುತ್ತಿದ್ದಳು. ಆಗ ಅವನು ಪಾತ್ರೆ ಕೆಳಗಿಟ್ಟು ಎದ್ದು ನಿಂತ.

ಮೊದಲ ಚರಣದಲ್ಲಿ ದೋಣಿ ದಡ ಬಿಡುತ್ತದೆ. ಅವನ ದನಿ ಮರಳು ಉಜ್ಜಿದಂತೆ ಒರಟಾಗಿತ್ತು, ಎತ್ತರದ ಸ್ವರಗಳಿಗೆ ಏರಲಾರದೆ ಕೆಳಗಿನಿಂದಲೇ ಹಾದುಹೋಗುತ್ತಿತ್ತು. ಆದರೂ ಅದು ಅವನದೇ. ಉಸಿರು ಬಿಡುವ ಜಾಗ, ಸಾಲಿನ ಕೊನೆಯನ್ನು ಸ್ವಲ್ಪ ಜಗ್ಗುವ ರೀತಿ, ಎಲ್ಲ ಸ್ನಾನದ ಮನೆಯದೇ. ಎರಡನೆಯ ಚರಣದಲ್ಲಿ ದೋಣಿ ನಡುಗಡಲಿನಲ್ಲಿದೆ, ದೀಪ ಕಾಣುವುದಿಲ್ಲ. ಅಲ್ಲಿ ಎರಡು ಕಡೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ ಮುಂದುವರಿಸಿದ. ಚಿಜುರು ಕಣ್ಣು ಮುಚ್ಚಲಿಲ್ಲ. ನೋಡುತ್ತಲೇ ಕೇಳಿದಳು, ಸುಖದಿಂದ ಕೇಳಿದಳು. ಅಷ್ಟು ಸುಖವಾಗುವುದು ತಪ್ಪೇನೋ ಎಂದೂ ಅನ್ನಿಸಿತು.

ಎರಡನೆಯ ಚರಣ ಮುಗಿದು ತುತ್ತೂರಿ ಮತ್ತೆ ಎದ್ದಿತು. ಯಸುಜಿ ಮೈಕನ್ನು ಮೇಜಿನ ಮೇಲಿಟ್ಟ.

“ಕೊನೇ ಚರಣ ಇವತ್ತು ಬೇಡ,” ಎಂದ. “ದೋಣಿ ದಡಕ್ಕೆ ಬರೋದು. ಅದು ಬಂದ ಮೇಲೆ.”

ತೊಮೆಜೊ ಏನೋ ಹೇಳಲು ಬಾಯಿ ತೆರೆದ. ಟೀಚರಮ್ಮ ಮೇಜಿನ ಕೆಳಗೆ ಅವನ ಕಾಲು ತುಳಿದರು.

“ಬಂದ ಮೇಲೆ ಯಾರು ಹಾಡ್ತಾರ್ರೀ?” ಎಂದಳು ಚಿಜುರು.

“ನೀನು. ಬಾಗಿಲ ಹೊರಗಿಂದ. ನಾನು ಒಳಗೆ ಕೂತು ಕೇಳಿಸ್ಕೋತೀನಿ.”

“ಅದು ನಿಮ್ಮ ಹಾಡು.”

“ಕೊಟ್ಟೆ,” ಎಂದ ಅವನು. “ಈಗ ದನಿ ತೆಗೀಬೇಡ. ಸುಮ್ನೆ ನೋಡ್ಕೋ.”

ತೆರೆಯ ಮೇಲೆ ಕೊನೆಯ ಚರಣದ ಪದಗಳು ಮೂಡಿದವು. ಚಿಜುರು ಎದ್ದು ಅವನ ಪಕ್ಕದಲ್ಲಿ ನಿಂತಳು. ಬಣ್ಣ ತುಂಬುತ್ತ ಹೋದ ಒಂದೊಂದು ಪದಕ್ಕೂ ಅವಳು ಸದ್ದಿಲ್ಲದೆ ತುಟಿ ಆಡಿಸಿದಳು. ಅಂಗಡಿಯಲ್ಲಿ ವಾದ್ಯಗಳ ಹೊರತು ಬೇರೆ ಸದ್ದಿರಲಿಲ್ಲ. ಮೂರನೆಯ ಸಾಲಿನಲ್ಲಿ ಅವಳು ಎಂದಿನಂತೆ ಅವಸರ ಮಾಡಿದಳು. ಯಸುಜಿ ಒಂದು ಬೆರಳೆತ್ತಿ, ಗಾಳಿಯಲ್ಲಿ ಕೆಳಕ್ಕೆ ಒತ್ತಿದಂತೆ ಮಾಡಿ, ನಿಧಾನ ಎಂದು ತೋರಿಸಿದ. ಅವಳು ಆ ಬೆರಳನ್ನೇ ನೋಡುತ್ತ ನಿಧಾನ ಮಾಡಿದಳು.